ಏಡಿಯ ಶಾಸನ

ಕೋಟಿ ವರ್ಷಗಳ ಹಿಂದೆ, ಮೊಣಕಾಲುದ್ದ ನೀರಿನ ಕಡಲಂಚಿನಲ್ಲಿ ಒಂದು ಏಡಿಯಿತ್ತು. ತನ್ನ ಹೆಸರು ಯುಗಯುಗಕ್ಕೂ ಉಳಿಯಬೇಕೆಂದು ಅದು ದಿನವೂ ಮರಳಿನ ಮೇಲೆ ಠೀವಿಯಿಂದ ಮೆರವಣಿಗೆ ಹೊರಡುತ್ತಿತ್ತು.

“ಇವು ಬರೀ ಹೆಜ್ಜೆಗಳಲ್ಲ, ಶಾಸನ. ನಮ್ಮ ವಂಶದಲ್ಲಿ ಹಿಂದೆ ಸರಿದವರೇ ಇಲ್ಲ,” ಎಂದು ಒಂದು ದಿನ ಕೆಸರು ಕೊರೆಯುತ್ತಿದ್ದ ಹುಳುವಿಗೆ ಹೇಳಿತು.

“ನಿಜ ಧಣಿ, ನಿಮ್ಮವರೆಲ್ಲ ಅಡ್ಡಡ್ಡ ಹೋದವರೇ,” ಎಂದಿತು ಹುಳು.

ಅಷ್ಟರಲ್ಲಿ ದೊಡ್ಡ ಅಲೆಯೊಂದು ಎದ್ದುಬಂತು. ಏಡಿ ಎಂಟೂ ಕಾಲಿಗೆ ಬುದ್ಧಿ ಹೇಳಿ ಬಿಲಕ್ಕೆ ನುಗ್ಗಿತು. ಮೇಲೆ ಮರಳು ರಾಶಿಬಿದ್ದಾಗ ಪರದಾಡುತ್ತ ಕೊರೆದುಕೊಂಡು ಹೊರಬಂತು. ಮೆರವಣಿಗೆಯ ಹೆಜ್ಜೆ ಒಂದೂ ಉಳಿದಿರಲಿಲ್ಲ. ಕಾಲ ಕಳೆದು ಕಡಲು ಬತ್ತಿತು, ಮರಳು ಒಳಗಿನ ಬಿಲಗಳ ಸಮೇತ ಕಲ್ಲಾಯಿತು.

ಮೊನ್ನೆ ಭೂವಿಜ್ಞಾನದ ಮೇಷ್ಟ್ರೊಬ್ಬರು ಆ ಬಂಡೆಯನ್ನು ಸೀಳಿದರು.

“ಧಣಿ, ನಿಮ್ಮ ಶಾಸನ ಓದುತ್ತಿದ್ದಾರೆ,” ಎಂದು ಕಲ್ಲಿನೊಳಗಿನ ಹುಳುವಿನ ಬಿಲ ಪಿಸುಗುಟ್ಟಿತು. ಏಡಿಯ ಬಿಲ ಹಿಗ್ಗಿನಿಂದ ಕಿವಿಗೊಟ್ಟಿತು.

“ಬರೆದುಕೊಳ್ಳಿ,” ಎಂದರು ಮೇಷ್ಟ್ರು ವಿದ್ಯಾರ್ಥಿಗಳಿಗೆ. “ಇಲ್ಲಿ ಆಳವಿಲ್ಲದ ಕಡಲಿತ್ತು, ಭಾರೀ ಅಲೆ ಬಂದಿತ್ತು. ಅದಕ್ಕೆ ಸಾಕ್ಷಿ, ಇಗೋ, ಮೇಲಕ್ಕೆ ಕೊರೆದ ಈ ಬಿಲ, ಜೀವ ಕೈಯಲ್ಲಿ ಹಿಡಿದುಕೊಂಡು ಓಡಿದ ಗುರುತು.”

“ಯಾರದು ಸಾರ್? ಹೆಸರೇನು?”

“ಹೆಸರು ಯಾರಿಗೂ ಗೊತ್ತಿಲ್ಲ,” ಎಂದರು ಮೇಷ್ಟ್ರು. “ಓಡಿದ್ದು ಮಾತ್ರ ಖಾತ್ರಿ.”