ಪೂಜೆಗಿಟ್ಟ ಲೇತು

ಹರಿಹರದ ಹತ್ತಿರ ಪಂಪು ಮಾಡುವ ಒಂದು ಕಾರ್ಖಾನೆ. ಅಲ್ಲಿ ಹನ್ನೆರಡು ಅಪ್ರೆಂಟಿಸ್ ಹುಡುಗಿಯರು ದಿನಕ್ಕೆ ಹತ್ತು ತಾಸು ಲೋಹ ಕಡೆಯುವ ಲೇತು ಯಂತ್ರ ನಡೆಸುತ್ತಿದ್ದರು. ಎಂಟರ ಮೇಲಿನ ಎರಡು ತಾಸಿಗೆ ಓವರ್‌ಟೈಮ್ ದುಡ್ಡು, ಓಟಿ ಕೊಡಿ ಎಂದು ಅವರಲ್ಲೊಬ್ಬಳು ಕೇಳಿಯೇಬಿಟ್ಟಳು.

ಮ್ಯಾನೇಜರ್ ವರದರಾಜರು ಹಣೆಯ ಗಂಧ ಸರಿಮಾಡಿಕೊಂಡರು. "ಓಟಿ ಕೆಲಸಗಾರರಿಗಮ್ಮ. ನೀವು ವಿದ್ಯಾರ್ಥಿಗಳು. ಲೇತೇ ನಿಮ್ಮ ಪುಸ್ತಕ. ಓದೋದಕ್ಕೆ ಯಾರಾದ್ರೂ ದುಡ್ಡು ಕೇಳ್ತಾರಾ?"

ಹುಡುಗಿ ಸೀದಾ ಯೂನಿಯನ್ನಿನ ಜಯಶೀಲಕ್ಕನ ಹತ್ತಿರ ಹೋದಳು. ತನ್ನ ಉಪಾಯ ಹೇಳಿದಳು. ಅಕ್ಕ ಬಿದ್ದು ಬಿದ್ದು ನಕ್ಕರು. "ಮಾಡೇ. ನಿಮ್ಮಲ್ಲಿ ಒಬ್ಬಳನ್ನ ಹೊರಗೆ ಹಾಕಿದ್ರೂ ನಾವಷ್ಟೂ ಜನ ಗೇಟಿನ ಮುಂದೆ ಕೂರ್ತೀವಿ."

ನವರಾತ್ರಿ ಬಂತು. ಆ ವಾರವೇ ಮುನ್ನೂರು ಪಂಪು ಕಳಿಸಬೇಕಿತ್ತು. ಸರಸ್ವತಿ ಪೂಜೆಯ ಬೆಳಿಗ್ಗೆ ವರದರಾಜರು ನೋಡುತ್ತಾರೆ, ಹನ್ನೆರಡು ಲೇತಿಗೂ ಅರಿಸಿನ, ಕುಂಕುಮ, ಮೇಲೊಂದು ಸೇವಂತಿಗೆ. ಹುಡುಗಿಯರು ಕೈಕಟ್ಟಿ ಕೂತಿದ್ದಾರೆ.

"ಏನಿದು?"

"ಪುಸ್ತಕ ಪೂಜೆಗಿಟ್ಟಿದ್ದೀವಿ ಸಾರ್. ವಿಜಯದಶಮಿವರೆಗೆ ವಿದ್ಯಾರ್ಥಿಗಳು ಮುಟ್ಟೋ ಹಾಗಿಲ್ಲವಲ್ಲ! ಬೇಕಾದ್ರೆ ತಾವೇ ಕುಂಕುಮ ಒರೆಸಿ."

ವರದರಾಜರ ಕೈ ಲೇತಿನ ತನಕ ಹೋಯಿತು. ಅಲ್ಲಿಂದ ಹಿಂದಕ್ಕೆ ಬಂದು ತಮ್ಮದೇ ಕೆನ್ನೆ ಬಡಿದುಕೊಂಡಿತು.

"ಆಯ್ತು ತಾಯಿ, ನೀವು ಕೆಲಸಗಾರರೇ! ಅದು ಪುಸ್ತಕ ಅಲ್ಲ, ಆಯುಧ! ಓಟಿನೂ ಕೊಡ್ತೀನಿ, ಏಳಿ!"

"ಬರೆದುಕೊಡಿ" ಎಂದು ಬಾಗಿಲಲ್ಲೇ ಕಾದಿದ್ದ ಜಯಶೀಲಕ್ಕ ಹಾಳೆ, ಪೆನ್ನು ಎರಡನ್ನೂ ಚಾಚಿದರು. ರುಜು ಬಿತ್ತು. ಲೇತುಗಳು ತಿರುಗಿದವು.

ವರದರಾಜರಿಗೆ ಜೀವ ಬಂತು. "ನಾಡಿದ್ದೂ ಬೇಗ ಬಂದುಬಿಡಿ."

"ನಾಡಿದ್ದು ಆಯುಧಪೂಜೆ ಸಾರ್" ಎಂದಳು ಹುಡುಗಿ. "ಕೆಲಸಗಾರರಿಗೆ ಸಂಬಳದ ರಜೆ. ತಾವು ಬನ್ನಿ, ಮಂಡಕ್ಕಿ ಕೊಡ್ತೀವಿ."