ಕುಟ್ಟಪ್ಪನ ಕಿವಿ

ಮಕ್ಕಳೇ, ಹಳ್ಳದ ಈಚೆ ದಡದಲ್ಲಿ ಒಂದು ಬೂರುಗದ ತೋಪಿತ್ತು. ಅಲ್ಲಿ ಮರಕುಟಿಗ ಕುಟ್ಟಪ್ಪ, ಅವನ ಹೆಂಡತಿ ಚುಕ್ಕವ್ವ ಮರಿಗಳೊಂದಿಗೆ ವಾಸವಾಗಿದ್ದರು. ಬೂರುಗ ಮೆತ್ತನೆಯ ಮರ. ಕುಟ್ಟಪ್ಪ ಅದರಲ್ಲಿ ಪೊಟರೆ ಕೊರೆದು ಗಿಳಿಗಳಿಗೆ ಮನೆ ಮಾಡಿಕೊಡುತ್ತಿದ್ದ. ಕೊರೆದ ಚೂರುಗಳನ್ನು ಮೈನಾ ಗೌರಿ ಹೊರಗೆ ಸಾಗಿಸುತ್ತಿದ್ದಳು. ಕೂಲಿಯಾಗಿ ಗಿಳಿಗಳು ಹಣ್ಣು ತಂದುಕೊಡುತ್ತಿದ್ದವು. ತೋಪಿಗೆ ತೋಪೇ ಆ ಹಣ್ಣಿನಿಂದ ಬದುಕಿತ್ತು.

ಕುಟ್ಟಪ್ಪನಿಗೆ ಸ್ವಲ್ಪ ಜಂಬ. ಯಾರಾದರೂ ಮಾತಾಡಿಸಿದರೆ ಸಾಕು, "ಈ ಸೀಮೆಗೇ ಪೊಟರೆ ಕೊರೆಯೋನು ನಾನು" ಎಂದು ಕೊಕ್ಕು ಮೇಲೆತ್ತುತ್ತಿದ್ದ. ಎತ್ತಲಿ ಬಿಡಿ, ಕೆಲಸವಂತೂ ಚೆನ್ನಾಗಿ ಮಾಡುತ್ತಿದ್ದ.

ಒಂದು ಸಂಜೆ ದೊಡ್ಡ ಬಿರುಗಾಳಿ ಬೀಸಿತು. ಬೂರುಗದ ಮರಗಳೆಲ್ಲ ಉರುಳಿದವು. ಕುಟ್ಟಪ್ಪನ ಗೂಡಿದ್ದ ಮರ ಮಾತ್ರ ಉಳಿಯಿತು. ಗಿಳಿಗಳು ಬೇರೆ ಕಾಡಿಗೆ ಹೋದವು. ಹಣ್ಣು ನಿಂತಿತು. ಮರಿಗಳು ಹಸಿವಿನಿಂದ ಬಾಯಿ ತೆರೆದು ಕೂತವು. ಅವಕ್ಕಿನ್ನೂ ರೆಕ್ಕೆ ಬಲಿತಿರಲಿಲ್ಲ, ಎಲ್ಲಿಗೂ ಕರೆದೊಯ್ಯುವಂತಿರಲಿಲ್ಲ.

ಕುಟ್ಟಪ್ಪ ಹಳ್ಳ ದಾಟಿ ಮತ್ತಿ ಮರಗಳ ಕಾಡಿಗೆ ಹೋದ. ಅಲ್ಲಿ ಅಳಿಲಜ್ಜಿ ತಲೆಯ ಮೇಲೆ ಕೈಹೊತ್ತು ಕೂತಿದ್ದಳು.

"ಅಜ್ಜಿ, ನಾನು ಪೊಟರೆ ಕೊರೆಯೋನು. ಕೆಲಸ ಇದೆಯಾ?"

"ನಿನ್ನ ತಲೆ! ಹುಳ ಹಿಡಿದು ನಮ್ಮ ಮರಗಳೆಲ್ಲ ತೂತಾಗಿ ಒಣಗ್ತಿವೆ. ನೀನು ಬೇರೆ ಕೊರೀತೀಯಾ? ನಡಿ ಆಚೆ."

ಕುಟ್ಟಪ್ಪ ಪೆಚ್ಚುಮೋರೆ ಹಾಕಿಕೊಂಡು ವಾಪಸ್ಸು ಬಂದು, ಅಜ್ಜಿ ಹೇಳಿದ್ದನ್ನೆಲ್ಲ ಚುಕ್ಕವ್ವನಿಗೆ ತಿಳಿಸಿದ. "ನನ್ನ ಕೆಲಸ ಯಾರಿಗೂ ಬೇಡ, ಚುಕ್ಕಿ. ಇನ್ನು ಮುಗೀತು."

ಚುಕ್ಕವ್ವ ಮರಿಗಳನ್ನು ರೆಕ್ಕೆಯೊಳಗೆ ಎಳೆದುಕೊಂಡು ಕೇಳಿದಳು. "ಎಲ್ಲಿ ಕೊರೀಬೇಕು ಅಂತ ನಿಮಗೆ ಹೇಗೆ ಗೊತ್ತಾಗುತ್ತೆ?"

"ಕುಟ್ಟಿ ನೋಡ್ತೀನಿ. ಸದ್ದು ಕೇಳಿದರೆ ಒಳಗೆ ಗಟ್ಟಿಯೋ ಟೊಳ್ಳೋ ತಿಳಿಯುತ್ತೆ."

"ಮತ್ತೆ ಅಲ್ಲಿ ಪೊಟರೆ ಮಾತು ಯಾಕೆ ಎತ್ತಿದಿರಿ? ಹುಳ ಎಲ್ಲಿದೆ ಅಂತ ಹೇಳ್ತೀನಿ ಅನ್ನಬಾರದಿತ್ತಾ?"

ಕುಟ್ಟಪ್ಪನಿಗೆ ನಾಚಿಕೆಯಾಯಿತು. ಆದರೆ ನಾಚಿಕೊಂಡು ಕೂತರೆ ಮರಿಗಳ ಹೊಟ್ಟೆ ತುಂಬೀತೇ? ಮತ್ತೆ ಹಾರಿದ.

"ಅಜ್ಜಿ, ಈ ಸಲ ಪೊಟರೆ ಕೊರೆಯೋಕೆ ಬಂದಿಲ್ಲ. ನಿಮ್ಮ ಮರದ ಸದ್ದು ಕೇಳೋಕೆ ಬಂದಿದ್ದೀನಿ."

ಅಳಿಲಜ್ಜಿ ಬೇಡವೆನ್ನುವ ಮೊದಲೇ ಅವನು ಕಾಂಡವನ್ನು ಟಕಟಕ ಕುಟ್ಟುತ್ತಾ ಮೇಲೇರಿದ. ಒಂದು ಕಡೆ ನಿಂತ. ಕಿವಿಗೊಟ್ಟ. ತೊಗಟೆ ಕಿತ್ತು ಕೊಕ್ಕು ಹಾಕಿ, ಬೆರಳಿನಷ್ಟು ದಪ್ಪದ ಹುಳುವನ್ನು ಎಳೆದು ತೋರಿಸಿದ.

"ಅಯ್ಯೋ ನನ್ನಪ್ಪಾ, ಇಷ್ಟು ಹೊತ್ತು ಎಲ್ಲಿದ್ದೆ? ಆ ಪಕ್ಕದ ಮರವನ್ನೂ ನೋಡು. ಸಿಕ್ಕಿದ ಹುಳವೆಲ್ಲ ನಿನ್ನದೇ."

ಮರಿಗಳ ಹೊಟ್ಟೆ ತುಂಬಿತು. ಚೂರು ಸಾಗಿಸುತ್ತಿದ್ದ ಗೌರಿಗೆ ಈಗ ಹುಳು ಸಾಗಿಸುವ ಕೆಲಸ ಸಿಕ್ಕಿತು. ಬೆಳಿಗ್ಗೆ ಹಳ್ಳ ದಾಟಿ ಹೋದವರು ಸಂಜೆ ಮನೆಗೆ ಬರುತ್ತಿದ್ದರು. ಹಾಗಾಗಿ ತೋಪು ಖಾಲಿಯಾಗಲಿಲ್ಲ, ಬಿದ್ದ ಬೂರುಗಗಳ ಬುಡದಲ್ಲಿ ಹೊಸ ಚಿಗುರೂ ಬಂತು.

ಕೆಲವು ತಿಂಗಳಿಗೆ ಮತ್ತಿ ಮರಗಳು ಚೇತರಿಸಿಕೊಂಡವು, ಹುಳುಗಳು ಕಡಿಮೆಯಾದವು. "ಈ ಕೆಲಸವೂ ಮುಗೀತಲ್ಲ" ಎಂದು ಗೌರಿ ಪೇಚಾಡಿದಳು. ಕುಟ್ಟಪ್ಪ ಹೆದರಲಿಲ್ಲ.

ಅಷ್ಟರಲ್ಲಿ ಗುಡ್ಡದಾಚೆಯಿಂದ ಮಂಗಟ್ಟೆ ಹಕ್ಕಿಯೊಂದು ಹಾರಿ ಬಂತು. "ನೀನು ಎಂಥ ಕೆಲಸದವನಪ್ಪಾ?" ಎಂದು ಕೇಳಿತು.

ಕುಟ್ಟಪ್ಪ ಈ ಸಲ ಕೊಕ್ಕು ಮೇಲೆತ್ತಲಿಲ್ಲ. "ನಿಮ್ಮ ಕಡೆ ಏನು ತೊಂದರೆಯಾಗಿದೆ, ಮೊದಲು ಅದನ್ನು ಹೇಳಿ" ಎಂದ.

ನೀತಿ: ಕೆಲಸ ಹೋದರೂ ಕಲಿತದ್ದು ನಮ್ಮ ಜೊತೆಯಲ್ಲೇ ಇರುತ್ತದೆ, ಅದು ಇನ್ನು ಯಾರಿಗೆ ಬೇಕಾಗಿದೆ ಎಂದು ಹುಡುಕುವವರು ತಾವೂ ಉಳಿಯುತ್ತಾರೆ, ತಮ್ಮ ಊರನ್ನೂ ಉಳಿಸುತ್ತಾರೆ.