ಒರೆಸಲಾಗದ ಹೆಸರು

ಬಹಳ ಹಿಂದಿನ ಮಾತು, ಯಾವ ಕಾಲ ಅಂತ ನನ್ನನ್ನು ಕೇಳಬೇಡಿ. ಚೀನಾ ದೇಶದಲ್ಲಿ, ಹೊಳೆ ದಂಡೆಯ ಒಂದು ಊರಲ್ಲಿ, ಮೆಂಗ್ ಫು ಅಂತ ಒಬ್ಬನಿದ್ದನಂತೆ. ಕುಂಚ ಹಿಡಿದು ಅಕ್ಷರ ಬರೆಯುವುದೇ ಅವನ ಕಸುಬು. ಅವನು ಬಾಗಿಲ ಮೇಲೆ ಮೀನು ಅಂತ ಬರೆದರೆ ಬೆಕ್ಕುಗಳು ಬಂದು ಕೂರುತ್ತಿದ್ದವಂತೆ. ನಗಬೇಡಿ, ನನಗೆ ಹೇಳಿದವರು ಹಾಗೇ ಹೇಳಿದ್ದು.

ಆದರೆ ಪುಣ್ಯಾತ್ಮನಿಗೆ ಕೂತಲ್ಲಿ ಕೂರಲಾಗದು, ನಿಂತಲ್ಲಿ ನಿಲ್ಲಲಾಗದು. ಆ ವಿದ್ಯೆಯ ಕಟ್ಟುಪಾಡೇ ಹಾಗಂತೆ, ಒಮ್ಮೆ ಎಳೆದ ಗೆರೆಯನ್ನು ತಿದ್ದುವಂತಿಲ್ಲ. ಸರಿ ಬಂದರೆ ಬಂತು, ಇಲ್ಲವಾದರೆ ಹರಿದು ಹಾಕಿ ಮೊದಲಿನಿಂದ ಬರೆಯಬೇಕು. ಮೆಂಗ್ ಫು ಬರೆದದ್ದಕ್ಕಿಂತ ಹರಿದದ್ದೇ ಹೆಚ್ಚಂತೆ. ಉಣ್ಣುವಾಗಲೂ ಊಟದ ಕಡ್ಡಿಯಲ್ಲಿ ಮೇಜು ಗೀಚುವನು, ಹೆಂಡತಿ ಸುಯಿನ್ ಬಡಿಸಿದ್ದು ಆರಿ ತಣ್ಣಗಾಗುವುದು.

ಅವರಿಗೆ ಒಬ್ಬಳೇ ಮಗಳು, ಆನ್. ಹಾಲುಹಲ್ಲು ಬೀಳುವ ವಯಸ್ಸಿಗೇ ಜ್ವರ ಬಂದು ಹೋಗಿಬಿಟ್ಟಳಂತೆ. ಗುಡ್ಡದ ಮೇಲೆ ಮಣ್ಣು ಮಾಡಿ ಕಲ್ಲು ನಿಲ್ಲಿಸಿದರು. ಅದರ ಮೇಲೆ ಹೆಸರು ಬರೆಯಬೇಕಾದವನು ಅಪ್ಪ. ಅವನು ಬರೆದ ಮೇಲೆ ಕಲ್ಲುಕುಟಿಗ ಪೆಂಗ್ ಉಳಿ ಹಿಡಿದು ಕೊರೆಯಬೇಕು.

ಮೊದಲು ನೀರಲ್ಲಿ ಬರೆದು ನೋಡುತ್ತೇನೆ ಅಂದನಂತೆ ಮೆಂಗ್ ಫು. ದಿನಾ ಬೆಳಗ್ಗೆ ಗುಡ್ಡ ಹತ್ತುವನು, ಕುಂಚ ಅದ್ದುವನು, ಮಗಳ ಹೆಸರು ಬರೆಯುವನು. ಗೆರೆ ದಪ್ಪವಾಯಿತು ಅನ್ನುವನು, ತೋಳಿನಿಂದ ಒರೆಸುವನು. ತೆಳ್ಳಗಾಯಿತು ಅನ್ನುವನು, ಮತ್ತೆ ಒರೆಸುವನು. ವರ್ಷಗಳು ಹೋದವಂತೆ, ಕಲ್ಲು ಬೋಳಾಗಿಯೇ ಉಳಿಯಿತಂತೆ.

ಹೆಸರಿಲ್ಲದ ಕಲ್ಲಿಗೆ ಯಾರು ದಿಕ್ಕು? ವಾರಸುದಾರರಿಲ್ಲ ಅಂದುಕೊಂಡು ಪಕ್ಕದೂರಿನವರು ಒಮ್ಮೆ ಅದನ್ನು ಬಾವಿಕಟ್ಟೆಗೆ ಹೊತ್ತುಕೊಂಡು ಹೊರಟೇಬಿಟ್ಟಿದ್ದರಂತೆ. ಸುಯಿನ್ ಓಡಿಹೋಗಿ ದಾರಿಗೆ ಅಡ್ಡ ಬಿದ್ದು ವಾಪಸು ತಂದಳಂತೆ. ನಾವಿಬ್ಬರೂ ಸತ್ತ ಮೇಲೆ ಯಾರು ಅಡ್ಡ ಬೀಳುತ್ತಾರೆ ಅನ್ನುವ ಭಯ ಅವತ್ತಿನಿಂದ ಅವಳ ಹೊಟ್ಟೆ ಸೇರಿತು.

ಆ ಚಳಿಗಾಲ ಹೊಳೆಯೇ ಗಡ್ಡೆ ಕಟ್ಟಿತ್ತಂತೆ. ಮೆಂಗ್ ಫು ಎಂದಿನಂತೆ ಗುಡ್ಡ ಹತ್ತಿದ. ಹಿಂದೆಯೇ ಸುಯಿನ್, ಅವಳ ಹಿಂದೆ ಉಳಿ ಸುತ್ತಿಗೆ ಹಿಡಿದ ಪೆಂಗ್. ಬಿಸಿನೀರಿನಲ್ಲಿ ಕುಂಚ ಅದ್ದಿ ಬರೆದನಂತೆ. ಕೊನೆಯ ಅಡ್ಡಗೆರೆ ಎಳೆಯುವಾಗ ಚಳಿಗೆ ಕೈ ನಡುಗಿತು. ಥೂ ಅಂದು ತೋಳು ಎತ್ತಿದ, ಒರೆಸಿದ. ಹೋಗಲಿಲ್ಲ. ನೀರು ಕಲ್ಲಿಗೆ ಕಚ್ಚಿಕೊಂಡು ಮಂಜುಗಡ್ಡೆಯಾಗಿತ್ತು. ಉಗುರಿನಿಂದ ಕೆರೆಯಲು ಹೊರಟವನ ಎದುರು ಸುಯಿನ್ ಬಂದು ನಿಂತಳಂತೆ.

"ಇಷ್ಟು ವರ್ಷ ನಿಮ್ಮ ಅಕ್ಷರ ನೋಡಿದ್ದು ಸಾಕು ಕಣ್ರೀ. ನನಗೆ ನನ್ನ ಮಗಳ ಹೆಸರು ಬೇಕು."

"ಹೆಸರು ಕೊರೆದುಬಿಟ್ಟರೆ ಅವಳು ಹೋದ ಹಾಗೇ ಅಲ್ಲವೇನೇ?" ಅಂದನಂತೆ ಮೆಂಗ್ ಫು.

ಅವಳು ಅವನ ಕೆಂಪಾದ ಕೈಗಳನ್ನು ತನ್ನ ಕೈಯಲ್ಲಿ ಹಿಡಿದುಕೊಂಡು ಪೆಂಗನತ್ತ ತಿರುಗಿದಳು. ಮಂಜುಗಟ್ಟಿದ ಗೆರೆಯ ಮೇಲೆಯೇ ಉಳಿಯ ಮೊದಲ ಏಟು ಬಿತ್ತು. ಮಗಳನ್ನು ಮಣ್ಣು ಮಾಡುವಾಗಲೂ ಅಳದೆ ಗಾಳಿಯಲ್ಲಿ ಬೆರಳಿನಿಂದ ಅಕ್ಷರ ಗೀಚುತ್ತ ನಿಂತಿದ್ದವನು ಅವತ್ತು ಕಲ್ಲಿನ ಬುಡದಲ್ಲಿ ಕುಸಿದು ಕೂತು ಅತ್ತನಂತೆ.

ನಡುಗಿದ ಗೆರೆ ಹಾಗೇ ಇದೆಯಂತೆ. ಈಗಲೂ ವಸಂತದಲ್ಲಿ ಸಮಾಧಿ ಗುಡಿಸುವ ದಿನ ಆ ಊರಿನವರು ಕಲ್ಲು ತೊಳೆದು, ಹೋದವರ ಹೆಸರನ್ನು ಒದ್ದೆ ಬೆರಳಿನಲ್ಲಿ ಬರೆಯುತ್ತಾರಂತೆ. ಸೊಟ್ಟಗಾಯಿತು ಅಂತ ಯಾರಾದರೂ ಒರೆಸಲು ಹೋದರೆ ಪಕ್ಕದವರು ಕೈ ಹಿಡಿದುಕೊಳ್ಳುತ್ತಾರಂತೆ. ನೀರು ತಾನಾಗಿ ಆರುವ ತನಕ ಬಿಡುವುದಿಲ್ಲವಂತೆ.